ತಟ್ಟೆ ಬಡಿದವರಿಗೆ ಒಂದು ಮಾರ್ಗಸೂಚಿ

2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ಈ ದೇಶ ತಟ್ಟೆ ಬಡಿಯಿತು. ರೋಗಿಯ ಆರೈಕೆ ಮಾಡೋರಿಗೆ, ಬೀದಿ ಗುಡಿಸೋರಿಗೆ, ಮನೆ ಮನೆ ತಿರುಗೋ ಆಶಾ ಹೆಂಗಸರಿಗೆ ಅದು ಗೌರವವಂತೆ. ತಟ್ಟೆಯ ಸದ್ದು ಎಲ್ಲರಿಗೂ ಕೇಳಿಸಿತು. ಅವರ ತಟ್ಟೆಯಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡಲಿಲ್ಲ.

ಆಮೇಲೆ ಮಾರ್ಗಸೂಚಿಗಳು ಬಂದವು. ಮನೆಯಲ್ಲೇ ರೋಗಿಯನ್ನು ನೋಡಿಕೊಳ್ಳುವವರಿಗೆ ಕೇಂದ್ರದ ಆರೋಗ್ಯ ಇಲಾಖೆ ಹೇಳಿತು: ರೋಗಿಗೆ ಗಾಳಿಯಾಡುವ ಬೇರೆ ಕೋಣೆ ಕೊಡಿ, ಮೂರು ಪದರದ ಮಾಸ್ಕ್ ಹಾಕಿ, ಸೋಪು ಹಚ್ಚಿ 40 ಸೆಕೆಂಡ್ ಕೈ ತೊಳೆಯಿರಿ. ಇದರ ವಿಜ್ಞಾನದ ಜೊತೆ ನನ್ನ ಜಗಳವಿಲ್ಲ. ಈ ಕಾಗದವನ್ನು ಯಾರ ಮನೆ ನೋಡಿ ಬರೆದರು ಅನ್ನೋದು ನನ್ನ ಜಗಳ. ನಮ್ಮ ಕೇರಿಯಲ್ಲಿ ಇರೋದೇ ಒಂದು ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಕೆಮ್ಮುವ ಮುದುಕಿ, ಅದರಲ್ಲೇ ಬಾಣಂತಿ. ನಲ್ಲಿಗೆ ನೀರು ಎರಡು ದಿನಕ್ಕೊಮ್ಮೆ. ಬೇರೆ ಕೋಣೆ ಎಲ್ಲಿಂದ ತರೋಣ ಸ್ವಾಮಿ?

'ಸಾಮಾಜಿಕ ಅಂತರ ಕಾಪಾಡಿ' ಅಂತ ಗೋಡೆ ಗೋಡೆಗೂ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚಿನಲ್ಲಿ 'ದೈಹಿಕ ಅಂತರ' ಅನ್ನೋಣ ಎಂದು ಮಾತು ತಿದ್ದಿಕೊಂಡಿತು. ನಮ್ಮ ಗೋಡೆಗಳು ತಿದ್ದಿಕೊಳ್ಳಲಿಲ್ಲ. ಯಾಕಂದ್ರೆ ಆ ಅಂತರವನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಊರುಗಳು ಇವು. ನಮ್ಮ ಕೇರಿಯ ಆಶಾ ಅಕ್ಕ ಹಳೇ ಸೀರೆ ಹರಿದು ಮುಖಕ್ಕೆ ಕಟ್ಟಿಕೊಂಡು ಊರೊಳಗೆ ಜ್ವರ ಕೇಳೋಕೆ ಹೋದಳು. ಕಾಯಿಲೆ ಹೆಸರು ಹೇಳಿ ಅವಳನ್ನು ಜಗಲಿ ಹತ್ತಗೊಡಲಿಲ್ಲ. ಕಾಯಿಲೆ ಹೋಯಿತು. ಜಗಲಿ ಇನ್ನೂ ಹತ್ತಗೊಡುತ್ತಿಲ್ಲ.

ಆರೈಕೆ ಅಂದ್ರೆ ಏನು ಅಂತ 1897ರ ಪುಣೆಯನ್ನು ಕೇಳಿ. ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮಹಾರ್ ಕೇರಿಯ ಕಾಯಿಲೆ ಹುಡುಗನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದರು. ಮಾರ್ಚ್ 10ರಂದು ಅದೇ ಪ್ಲೇಗಿಗೆ ತಾವೇ ಬಲಿಯಾದರು. ಈಗ ಆ ತಾಯಿಯ ಪಟಕ್ಕೆ ಹಾರ ಹಾಕಿ 'ನೀವೂ ಹೀಗೇ ಸೇವೆ ಮಾಡಿ' ಅನ್ನೋರಿದ್ದಾರೆ. ಆಕೆಯ ಸಾವು ಇನ್ನೊಬ್ಬರನ್ನು ಸಾಯೋಕೆ ಕಳಿಸೋ ರಹದಾರಿಯಲ್ಲ.

ಅದೇ 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಅದರಲ್ಲಿ ಅಧಿಕಾರಿಗೆ ಅಧಿಕಾರವಿತ್ತು, ಆರೈಕೆ ಮಾಡೋಳ ಹೆಸರೇ ಇರಲಿಲ್ಲ. 2020ರಲ್ಲಿ ಧೂಳು ಕೊಡವಿ ಅದನ್ನೇ ಕೈಗೆತ್ತಿಕೊಂಡರು. ಆರೋಗ್ಯ ಸಿಬ್ಬಂದಿ ಮೇಲೆ ಕೈ ಮಾಡಿದವರಿಗೆ ಜೈಲು ಅಂತ ತಿದ್ದುಪಡಿ ಮಾಡಿದರು. ಒಳ್ಳೇದೇ. ಆದರೆ ಹೊಟ್ಟೆಯ ಮೇಲೆ ಹೊಡೆದವರಿಗೆ ಯಾವ ಜೈಲು?

ಕೂಲಿ ಕೊಡೋ ಮನಸ್ಸಿಲ್ಲದವರು ಅದಕ್ಕೆ 'ಗೌರವಧನ' ಅಂತ ಹೆಸರಿಟ್ಟರು. 2020ರ ಜುಲೈ 10ರಿಂದ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಮತ್ತು ಮೈ ಕಾಯೋ ಸಾಮಾನು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನ ನೆಲದ ಮೇಲೆ, ಚಳಿಯಲ್ಲಿ, ಮತ್ತೆ ಕೂಲಿ ಕೇಳುತ್ತಾ ಕೂತಿದ್ದರು. ಪ್ರಶಸ್ತಿಯನ್ನು ಬೇಯಿಸಿ ತಿನ್ನೋಕಾಗುತ್ತಾ?

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ರೋಗ ಮತ್ತೆ ಬರುತ್ತೆ. ಮಾರ್ಗಸೂಚಿಯೂ ಬರುತ್ತೆ. ಅದನ್ನು ಕೇರಿಯಲ್ಲಿ ಓದಿ ಹೇಳೋ ಕೆಲಸ ನಿಮ್ಮ ತಲೆಗೇ ಬೀಳುತ್ತೆ. ಓದೋ ಮೊದಲು ಇದನ್ನು ಕೇಳಿ: ಆರೈಕೆ ಮಾಡೋಳಿಗೆ ಮಾಸ್ಕು, ಗ್ಲೌಸು ಕೊಡೋರು ಯಾರು? ಅವಳು ಮಲಗಿದರೆ ರಜೆಯ ಕೂಲಿ ಎಷ್ಟು? ಅವಳು ಸತ್ತರೆ ಮಕ್ಕಳಿಗೆ ಯಾರು? ಕೋಣೆಯಿಲ್ಲದ ರೋಗಿಗೆ ಊರಿನ ಶಾಲೆ, ಸಮುದಾಯ ಭವನದ ಬಾಗಿಲು ಜಾತಿ ಕೇಳದೆ ತೆಗೆಯುತ್ತಾ? ಕೇರಿಗೆ ದಿನಾ ನೀರು ಬಿಡ್ತಾರಾ?

ಇವಕ್ಕೆ ಉತ್ತರವಿಲ್ಲದ ಮಾರ್ಗಸೂಚಿ ಬರೀ ಅಪ್ಪಣೆ. ಅಪ್ಪಣೆಗಳನ್ನು ನಮ್ಮಪ್ಪ, ನಮ್ಮಜ್ಜ ಬೇಕಾದಷ್ಟು ಕೇಳಿದ್ದಾರೆ. ಇನ್ನು ನಾವು ಬರೀತೀವಿ, ಸರ್ಕಾರ ಪಾಲಿಸಲಿ.

ಮೊದಲನೇ ಸಾಲು ಇದು: ನಮಗೆ ಕೈ ತೊಳೆಯೋದನ್ನು ಕಲಿಸೋ ಮುಂಚೆ, ನಮ್ಮಿಂದ ಕೈ ತೊಳೆದುಕೊಳ್ಳೋದನ್ನು ನಿಲ್ಲಿಸಿ.