ದಾಖಲೆ ಯಾರ ಸ್ವತ್ತು?

ಅಂಕೋಲಾ ತಾಲೂಕಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದಿದೆ. 1930ರ ಉಪ್ಪಿನ ಸತ್ಯಾಗ್ರಹ ಮತ್ತು ಅನಂತರದ ಕರನಿರಾಕರಣೆಯ ಕಥೆಯನ್ನು ನಾವು ಪ್ರತಿ ಸ್ವಾತಂತ್ರ್ಯೋತ್ಸವದಲ್ಲೂ ಕೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಆದರೆ ಅದೇ ತಾಲೂಕಿನ ಶೆಟಗೇರಿಯ ಯುವಕನೊಬ್ಬ, ‘ನನ್ನ ಅಜ್ಜನ ಜಮೀನು ಆಗ ಜಪ್ತಿಯಾಗಿತ್ತೇ? ಕಾಗದ ತೋರಿಸಿ’ ಎಂದು ಕೇಳಿದರೆ ಆತ ಎಲ್ಲಿಗೆ ಹೋಗಬೇಕು?

ಈ ಜಿಲ್ಲೆ 1862ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆದ್ದರಿಂದ ಅದರ ಕಡತಗಳ ಜಾಡು ಚೆನ್ನೈ, ಮುಂಬಯಿ, ಬೆಂಗಳೂರುಗಳತ್ತ ಸಾಗುತ್ತದೆ. ವಿದ್ವಾಂಸನಿಗೆ ಇದು ಪ್ರವಾಸ. ರೈತನಿಗೆ, ಮೀನುಗಾರನಿಗೆ ಇದು ಮುಚ್ಚಿದ ಬಾಗಿಲು.

ಹಳೆಯ ಕಾಗದದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ತುಂಬುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕಿಂತ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಗೆಝೆಟಿಯರ್, ಸರ್ವೇ ವರದಿ, ನಕ್ಷೆಗಳು ಮಾತ್ರವಲ್ಲ, ಹಿರಿಯರ ಹೇಳಿಕೆಯೂ ಸಾಕ್ಷ್ಯವೆಂದು ನಿಯಮವೇ ಹೇಳುತ್ತದೆ. ಆದರೂ ಕಚೇರಿಗಳು ಕೇಳುವುದು ಕಾಗದವನ್ನೇ. ಕಾಗದವನ್ನು ತನ್ನ ಕಪಾಟಿನಲ್ಲಿಟ್ಟುಕೊಂಡು ಅದನ್ನು ತಾ ಎಂದು ಪ್ರಜೆಗೆ ಹೇಳುವುದು ಯಾವ ನ್ಯಾಯ?

ಕಾನೂನಿಗೇನೂ ಕೊರತೆಯಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯು, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, 20 ವರ್ಷಗಳ ಹಿಂದಿನ ಸಂಗತಿಗಳ ಮಾಹಿತಿಯನ್ನು ಕೊಡಲೇಬೇಕೆನ್ನುತ್ತದೆ. ಕಡತಗಳ ಸೂಚಿಯನ್ನು ಸಿದ್ಧವಾಗಿಡುವುದು ಕೂಡಾ ಅದೇ ಕಾಯ್ದೆಯ 4ನೇ ಕಲಮು ವಿಧಿಸಿದ ಕರ್ತವ್ಯ. ಕಂದಾಯ ಇಲಾಖೆ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಸ್ವಾಗತಾರ್ಹ. ಆದರೆ ಕಪಾಟಿನ ಬೀಗವನ್ನು ಕಂಪ್ಯೂಟರಿಗೆ ವರ್ಗಾಯಿಸಿದರೆ ಪ್ರಯೋಜನವೇನು?

ದಾಖಲೆ ತೆರೆದರೆ ಹಳೆಯ ಜಗಳಗಳು ಏಳುತ್ತವೆ ಎಂಬ ವಾದವಿದೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಕಾಗದ ಮೌನವಾಗಿರುವಲ್ಲಿ ವದಂತಿ ಮಾತಾಡುತ್ತದೆ. ಯಾವ ಊರು ಯಾರದು, ಯಾವ ಜಾಗ ಯಾರದು ಎಂದು ವೇದಿಕೆಯಲ್ಲಿ ಕೂಗುವವರಿಗೆ ಬೇಕಿರುವುದು ಮುಚ್ಚಿದ ಕಡತವೇ ಹೊರತು ತೆರೆದದ್ದಲ್ಲ.

ಹಾಗೆಂದು ಸರಕಾರವನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. ಮಸೀದಿ, ದೇವಸ್ಥಾನ, ಇಗರ್ಜಿಗಳ ಹಳೆಯ ದಾನಪತ್ರ ಮತ್ತು ಲೆಕ್ಕಪುಸ್ತಕಗಳು ಗೆದ್ದಲಿಗೆ ಆಹಾರವಾಗುತ್ತಿದ್ದರೆ ಅದಕ್ಕೆ ಹೊಣೆ ಯಾರು? ಜಮಾಅತ್‌ನ ಕಾಗದ ಅಧ್ಯಕ್ಷರ ಮನೆಯ ಪೆಟ್ಟಿಗೆಯಲ್ಲಿರುವಾಗ ತಹಶೀಲ್ದಾರರಿಂದ ಪಾರದರ್ಶಕತೆ ಕೇಳುವ ನೈತಿಕತೆ ನಮಗೆಲ್ಲಿದೆ?

ಬೇಡಿಕೆ ದೊಡ್ಡದೇನಲ್ಲ. ತಾಲೂಕು ಕಚೇರಿಯಲ್ಲಿರುವ ಹಳೆಯ ಕಡತಗಳ ಪಟ್ಟಿ ಪ್ರಕಟವಾಗಲಿ. ಹೊರರಾಜ್ಯಗಳ ಪತ್ರಾಗಾರಗಳಲ್ಲಿರುವ ಈ ಜಿಲ್ಲೆಯ ದಾಖಲೆಗಳ ಪ್ರತಿಗಳು ಕಾರವಾರಕ್ಕೆ ಬರಲಿ. ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲಿ ಅವು ಉಚಿತವಾಗಿ ಓದಲು ಸಿಗಲಿ. ಕಂದಾಯ ಕೊಡಲು ನಿರಾಕರಿಸಿ ಜಮೀನು ಕಳಕೊಂಡವರ ಮೊಮ್ಮಕ್ಕಳು ಇಂದು ಕೇಳುತ್ತಿರುವುದು ಜಮೀನನ್ನಲ್ಲ, ಅದರ ಕಾಗದವನ್ನು ಓದುವ ಹಕ್ಕನ್ನು. ಅದನ್ನೂ ಕೊಡಲಾಗದವರಿಗೆ ಸತ್ಯಾಗ್ರಹದ ಸ್ಮಾರಕಕ್ಕೆ ಹಾರ ಹಾಕುವ ಅರ್ಹತೆ ಇದೆಯೇ?