ಕಾಂಕಾರ್ಡ್‌ಗೆ ಐವತ್ತು: ನೆಲದವರ ಲೆಕ್ಕ

1976ರ ಜನವರಿ 21ರಂದು ಲಂಡನ್ನಿನಿಂದ ಬಹ್ರೇನಿಗೆ ಒಂದು, ಪ್ಯಾರಿಸ್ಸಿನಿಂದ ಡಕಾರ್ ಮೂಲಕ ರಿಯೊಗೆ ಇನ್ನೊಂದು, ಎರಡು ಕಾಂಕಾರ್ಡ್‌ಗಳು ಒಟ್ಟಿಗೇ ಮೇಲೆದ್ದವು. ಟಿಕೆಟ್ ಕೊಂಡ ಪ್ರಯಾಣಿಕರು ಶಬ್ದವನ್ನು ಹಿಂದಿಕ್ಕಿ ಹಾರುವ ಕಾಲ ಅಂದು ಶುರುವಾಯಿತು. ಮುಂದೆ ಲಂಡನ್‌ನಿಂದ ನ್ಯೂಯಾರ್ಕ್ ಮೂರೂವರೆ ಗಂಟೆಯ ದಾರಿಯಾಯಿತು. 2003ರ ಅಕ್ಟೋಬರ್ 24ಕ್ಕೆ ಆ ಸೇವೆ ಮುಗಿಯಿತು. ಅಷ್ಟು ವರ್ಷದಲ್ಲಿ ಪ್ರಯಾಣಿಕರನ್ನು ಹೊತ್ತದ್ದು ಬರೀ 14 ವಿಮಾನ.

ಇಂಧನದ ಹಸಿವು, ವಿಪರೀತ ದರ, 2000ದ ಜುಲೈಯಲ್ಲಿ ಪ್ಯಾರಿಸ್ ಬಳಿ 113 ಜನರನ್ನು ಬಲಿ ತೆಗೆದುಕೊಂಡ ಅಪಘಾತ: ಕಾಂಕಾರ್ಡ್ ನಿಂತದ್ದಕ್ಕೆ ಈ ಕಾರಣಗಳನ್ನು ಕೊಡುವುದು ರೂಢಿ. ಎಲ್ಲವೂ ನಿಜ. ಆದರೆ ಅದರ ಹಣೆಬರಹ ಇದಕ್ಕೂ ಬಹಳ ಮೊದಲೇ ನಿರ್ಧಾರವಾಗಿತ್ತು, ನಿರ್ಧರಿಸಿದವರು ವಿಮಾನ ಹತ್ತಿದವರಲ್ಲ, ಅದರ ಕೆಳಗೆ ಬದುಕುವವರು ಎಂಬುದು ನಮ್ಮ ಎಣಿಕೆ.

ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ವಿಮಾನ ಗುಡುಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ವೇಗದಲ್ಲಿರುವಷ್ಟು ಹೊತ್ತೂ ಅದು ಆಘಾತದ ಅಲೆಯನ್ನು ಬೆನ್ನಿಗೆ ಎಳೆದುಕೊಂಡೇ ಹೋಗುತ್ತದೆ; ಅಲೆ ಮುಟ್ಟಿದ ಪ್ರತಿ ಊರಿಗೂ ಸ್ಫೋಟ ಕೇಳುತ್ತದೆ. ಸುಮಾರು 18 ಕಿ.ಮೀ. ಎತ್ತರದಲ್ಲಿ ಹಾರುವ ಕಾಂಕಾರ್ಡ್‌ನ ಸದ್ದಿನ ಪಟ್ಟಿ ನೆಲದ ಮೇಲೆ ಹತ್ತಿರಹತ್ತಿರ 80 ಕಿ.ಮೀ. ಅಗಲ. ನಮ್ಮ ಭಾಗದ ನಕ್ಷೆಯ ಮೇಲೆ ಅದನ್ನು ಹಾಸಿ ನೋಡಿ: ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಐದೂ ಒಂದೇ ಪಟ್ಟಿಯೊಳಗೆ ಬರುತ್ತವೆ. ನಿಮಿಷಕ್ಕೆ ಸುಮಾರು 36 ಕಿ.ಮೀ. ವೇಗದಲ್ಲಿ ಶಹಾಬಾದಿನಿಂದ ಚಿಂಚೋಳಿ ತಲುಪಲು ಅದಕ್ಕೆ ಎರಡು ನಿಮಿಷವೂ ಬೇಡ. ಅಷ್ಟರಲ್ಲಿ ಈ ಊರುಗಳು, ನಡುವಿನ ಹಳ್ಳಿಗಳೆಲ್ಲ ಒಂದೊಂದು ಏಟು ತಿಂದಿರುತ್ತವೆ. ಮೇಲೆ ಕೂತ ನೂರು ಜನಕ್ಕೆ ಆ ಸ್ಫೋಟ ಕೇಳಿಸಿಯೇ ಇರುವುದಿಲ್ಲ.

ಇಂಥ ಏಟೆಂದರೇನು ಎಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಸುಣ್ಣಕಲ್ಲಿನ ಗಣಿಗಳ ಬ್ಲಾಸ್ಟಿಂಗ್‌ಗೆ ಗೋಡೆ ಬಿರುಕು ಬಿಟ್ಟಿತೆಂಬ ದೂರು ಈ ಭಾಗದಲ್ಲಿ ಹಳೆಯದು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲದೊಳಗಿಂದ ಸದ್ದು ಬಂದು ಭೂಮಿ ನಡುಗಿತು. ಜನ ರಾತ್ರಿಗಳನ್ನು ಬಯಲಲ್ಲಿ ಕಳೆದರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ಹೋದವು. ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು ಆಗಿರುವ ಮನೆಯಲ್ಲಿ ಮಲಗಿದವರು ಸದ್ದು ಮೇಲಿಂದ ಬಂತೋ ಕೆಳಗಿಂದ ಬಂತೋ ಎಂದು ನೋಡುತ್ತ ಕೂರುವುದಿಲ್ಲ, ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ.

1964ರಲ್ಲಿ ಅಮೆರಿಕ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳಲ್ಲಿ 1,253 ಇಂಥ ಸ್ಫೋಟ ನಡೆಸಿ ಜನರ ಸಹನೆ ಅಳೆಯಿತು. ದೂರುಗಳ ರಾಶಿ ಬಿತ್ತು. 1973ರಲ್ಲಿ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನೇ ನಿಷೇಧಿಸಿತು. ಭಾರತವೂ ತನ್ನ ನೆಲದ ಮೇಲೆ ಕಾಂಕಾರ್ಡ್‌ಗೆ ಆ ವೇಗ ಕೊಡಲಿಲ್ಲ. ಎರಡು ಕಾಂಕಾರ್ಡ್ ಕಾದಿರಿಸಿದ್ದ ಏರ್ ಇಂಡಿಯಾ ಕೊನೆಗೆ ಕೊಳ್ಳಲಿಲ್ಲ. ಸಮುದ್ರದ ಮೇಲಷ್ಟೇ ಓಡಬಲ್ಲ ವಿಮಾನಕ್ಕೆ ಉಳಿಯುವ ದಾರಿಗಳೆಷ್ಟು? ಈ ನಿರಾಕರಣೆಯನ್ನು ಪ್ರಗತಿಗೆ ಅಡ್ಡಗಾಲು ಎನ್ನುವವರಿದ್ದಾರೆ. ಆ ಯುಗದ ಅತ್ಯುತ್ತಮ ನಿರ್ಧಾರವೇ ಅದು ಎಂದು ನಾವು ನಂಬುತ್ತೇವೆ.

ಹಾಗೆಂದು ವಿದ್ಯೆಯ ಮೇಲೆ ನಮಗೆ ಮುನಿಸಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ 1950ರ ದಶಕದಲ್ಲೇ ಶಬ್ದಾತೀತ ಗಾಳಿ ಸುರಂಗ ಕಟ್ಟಿಸಿದರು. ಕಾಂಕಾರ್ಡ್ ನಿವೃತ್ತವಾದ 2003ರಲ್ಲೇ, ಆಗಸ್ಟ್ 1ರಂದು, ಬೆಂಗಳೂರಿನಿಂದ ಹಾರಿದ ತೇಜಸ್ ಶಬ್ದದ ವೇಗ ದಾಟಿತು. ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದ ದಿನವದು. ಅದೇ ಬೆಂಗಳೂರು 2020ರ ಮೇ 20ರ ಮಧ್ಯಾಹ್ನ ವಾಯುಪಡೆಯ ಒಂದೇ ಪರೀಕ್ಷಾ ಹಾರಾಟದ ಸದ್ದಿಗೆ ಬೆಚ್ಚಿ, ಭೂಕಂಪವೇ ಎಂದು ವಿಚಾರಿಸಿತ್ತು.

ಈಗ ಹೊಸ ಸುತ್ತು ಶುರುವಾಗಿದೆ. 2025ರ ಜನವರಿ 28ರಂದು ಬೂಮ್ ಕಂಪನಿಯ ಎಕ್ಸ್‌ಬಿ-1 ಶಬ್ದದ ವೇಗ ದಾಟಿತು. ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು 1973ರ ನಿಷೇಧ ತೆಗೆಯುವಂತೆ ಆದೇಶಿಸಿದರು. ಸ್ಫೋಟವನ್ನು ಮೆಲು ಸದ್ದಿಗೆ ಇಳಿಸಲೆಂದೇ ನಾಸಾ ಎಕ್ಸ್-59 ಕಟ್ಟಿದೆ. ಅದನ್ನು ಅಮೆರಿಕದ ಊರುಗಳ ಮೇಲೆ ಹಾರಿಸಿ ಅಲ್ಲಿನ ಜನರ ಅಭಿಪ್ರಾಯ ಕೇಳುವ ಯೋಜನೆಯಿದೆ. ಒಳ್ಳೆಯ ಕ್ರಮ. ಆದರೆ ಅಲ್ಲಿಯ ಮರದ ಮನೆಗಳಲ್ಲಿ ಸಿಕ್ಕ ಒಪ್ಪಿಗೆ ಇಲ್ಲಿಯ ಕಲ್ಲಿನ ಮನೆಗಳಿಗೆ ಸಲ್ಲದು. ಭಾರತದ ಮೇಲೆ ಇಂಥ ದಾರಿ ತೆರೆಯುವ ಮಾತು ಬಂದರೆ ಅಳತೆ ಇಲ್ಲೇ ಆಗಬೇಕು: ಗಡಿಕೇಶ್ವರದಂಥ ಊರಲ್ಲಿ, ಗ್ರಾಮ ಸಭೆಯ ಎದುರು, ದಾರಿ ಗುರುತಿಸುವ ಮೊದಲೇ.