‘ಜೇಸನ್’ ಯಾರದು?

ಸಾಹಸಿಗಳ ಚರಿತ್ರೆಯನ್ನು ನಮ್ಮ ಮಕ್ಕಳಿಗಾಗಿ ಬರೆಯುವವರಿಗೆ ‘ಏಕಾಂಗಿಯಾಗಿ’ ಎಂಬ ಪದ ಬಹಳ ಪ್ರಿಯ. ಆಮಿ ಜಾನ್ಸನ್ ಎಂಬ 26 ವರ್ಷದ ತರುಣಿ 1930ರ ಮೇ 5ರಂದು ಇಂಗ್ಲೆಂಡಿನ ಕ್ರಾಯ್ಡನ್ನಿನಿಂದ ಹೊರಟು, ಮೇ 24ರಂದು ಆಸ್ಟ್ರೇಲಿಯದ ಡಾರ್ವಿನ್ ಮುಟ್ಟಿದಳು, ಏಕಾಂಗಿಯಾಗಿ ಹಾರಿದಳು, ಅಲ್ಲಿಗೆ ಇವರ ಕಥೆ ಮುಗಿಯಿತು. ಆಕೆ ಕುಳಿತ ವಿಮಾನದ ಗೊಡವೆ ಇವರಿಗೆ ಬೇಡ. ‘ಹಾರಿದವಳು ಮುಖ್ಯವೋ, ತಗಡು ಮುಖ್ಯವೋ?’ ಎಂದು ಇಂಥ ಮಿತ್ರರೊಬ್ಬರು ನನ್ನನ್ನೇ ಗದರಿಸಿದರು.

ತಗಡಲ್ಲ, ಸ್ವಾಮಿ. ಮರದ ಹಂದರಕ್ಕೆ ಬಟ್ಟೆ ಬಿಗಿದು ಮಾಡಿದ ಪುಟ್ಟ ‘ಜಿಪ್ಸಿ ಮಾತ್’ ಅದು. 1928ರಲ್ಲಿ ತಯಾರಾದದ್ದು; ಎಂಜಿನ್ನಿನ ಬಲ ಸುಮಾರು 100 ಅಶ್ವಶಕ್ತಿ. ಆಮಿಯ ಕೈಸೇರುವಾಗ ಅದು ಹೊಸದಾಗಿರಲಿಲ್ಲ. ಮೊದಲು ಕ್ಯಾಪ್ಟನ್ ಹೋಪ್ ಎಂಬ ವೈಮಾನಿಕನದಾಗಿತ್ತು. ದೂರ ಪ್ರಯಾಣಕ್ಕೆ ಬೇಕಾದ ಹೆಚ್ಚಿನ ಪೆಟ್ರೋಲ್ ಟ್ಯಾಂಕುಗಳು ಅದಾಗಲೇ ಅದರಲ್ಲಿದ್ದುವು. ಬೆಲೆ 600 ಪೌಂಡು. ಆ ಹಣವನ್ನು ಕೊಟ್ಟವರು ಆಕೆಯ ತಂದೆ ಮತ್ತು ಎಣ್ಣೆ ವ್ಯಾಪಾರದ ಲಾರ್ಡ್ ವೇಕ್‌ಫೀಲ್ಡ್. ‘ಜೇಸನ್’ ಎಂಬ ಹೆಸರು ಗ್ರೀಕ್ ಪುರಾಣದ ವೀರನನ್ನು ನೆನಪಿಗೆ ತಂದರೂ, ವಿಮಾನಕ್ಕೆ ಬಂದದ್ದು ತಂದೆಯ ಮೀನಿನ ವ್ಯಾಪಾರದ ಮುದ್ರೆಯಿಂದ!

ಮುಂದೆ ನೋಡಿ. ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನಕ್ಕೆ ಇಳಿದಾಗ ರೆಕ್ಕೆಗೆ ಪೆಟ್ಟಾಯಿತು, ಅಲ್ಲಿಯೇ ರಿಪೇರಿಯಾಯಿತು. ರಂಗೂನಿನ ಬಳಿ ಇನ್‌ಸೇನಿನಲ್ಲಿ ಆಟದ ಬಯಲಿಗಿಳಿದು ಹಳ್ಳಕ್ಕೆ ನುಗ್ಗಿ ಮತ್ತೆ ಮುರಿಯಿತು. ಅಲ್ಲಿಯ ತಾಂತ್ರಿಕ ವಿದ್ಯಾಲಯದವರು ಅದನ್ನು ಸರಿಪಡಿಸಿದರು. ರೆಕ್ಕೆಗೆ ತೇಪೆ ಹಾಕಿದ್ದು ಅಂಗಿಗಳಿಂದ. ಆ ಅಂಗಿಗಳಾದರೋ ಮೊದಲ ಮಹಾಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದಲೇ ಹೊಲಿದವು. ಈಗ ಹೇಳಿ, ಡಾರ್ವಿನ್ನಿಗೆ ಇಳಿದ ‘ಜೇಸನ್’ ಯಾರದು?

ಇದರಿಂದ ಆಮಿಯ ಕೀರ್ತಿ ಕುಂದೀತೆಂಬ ಭಯ ಹುರುಳಿಲ್ಲದ್ದು. ಆಕೆ ಎಂಜಿನ್ ಬಿಚ್ಚಿ ಕಟ್ಟಬಲ್ಲವಳು. ಮೆಕ್ಯಾನಿಕ್ಕಿನ ಪರವಾನಗಿಯನ್ನು ದುಡಿದು ಪಡೆದವಳು. ಯಂತ್ರದ ಕಥೆಯನ್ನು ಅಳಿಸಿದವರು ಆಕೆಯ ಅರ್ಧ ವಿದ್ಯೆಯನ್ನೇ ಅಳಿಸಿದರು. ಉಳಿದದ್ದು ಬರೇ ಧೈರ್ಯದ ಗೊಂಬೆ.

ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರನ್ನೂ, ಯಾರಿಗಾಗಿ ಬರೆದೆನೆಂಬುದನ್ನೂ ಹೇಳಿದ್ದರೆ ನಾವು, ಕನ್ನಡದ ಮೇಷ್ಟರುಗಳು, ಕುಣಿದಾಡುತ್ತೇವೆ. ವಿಮಾನದ ಲಾಗ್ ಪುಸ್ತಕವೂ ಅಂಥದೇ. ಹಾರಿದ ಗಂಟೆಗಳು, ಬದಲಿಸಿದ ಭಾಗಗಳು ಅಲ್ಲಿ ದಾಖಲಾಗಿರುತ್ತವೆ. ಕಾವ್ಯಕ್ಕೆ ಸಲ್ಲುವ ಮರ್ಯಾದೆ ಅದಕ್ಕೇಕೆ ಸಲ್ಲಬಾರದು?

‘ಜೇಸನ್’ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸೇರಿ ಉಳಿಯಿತು. ನಮ್ಮ ಮಾತೇನು? ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿ-2 ಹಾರಿದ್ದು 1951ರಲ್ಲಿ. ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಇಲ್ಲಿ ತಯಾರಾದ ‘ಪುಷ್ಪಕ್’ ಹಾರಿದ್ದು 1958ರಲ್ಲಿ. ವಸ್ತುಸಂಗ್ರಹಾಲಯದಲ್ಲಿ ಒಂದು ಮಾದರಿಯನ್ನು ನಿಲ್ಲಿಸಿ, ಬಣ್ಣ ಬಳಿದು, ಫಲಕ ತೂಗಿದರೆ ಕರ್ತವ್ಯ ತೀರಲಿಲ್ಲ. ಆ ಒಂದೊಂದು ವಿಮಾನ ಯಾವ ಕ್ಲಬ್ಬಿನಿಂದ ಯಾವ ಕ್ಲಬ್ಬಿಗೆ ಹೋಯಿತು, ಯಾರು ಅದರಲ್ಲಿ ಕಲಿತರು, ಯಾವ ಮೆಕ್ಯಾನಿಕ್ ಅದನ್ನು ಬದುಕಿಸಿದ? ಲಾಗ್ ಪುಸ್ತಕಗಳು ರದ್ದಿಯಂಗಡಿಯ ತಕ್ಕಡಿ ಏರಿದರೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವವರಿಲ್ಲ.

ಆಮೇಲೆ ನಮ್ಮವರು ನಿಶ್ಚಿಂತರಾಗಿ ಬರೆಯಬಹುದು: ‘ಏಕಾಂಗಿಯಾಗಿ ಹಾರಿದನು.’